‘ಸಾರಿ’ ಎಂದರೆ ಏನು?

ಕಳೆದ ದೀಪಾವಳಿಗೆ ಧಾರವಾಡದ ಕಡೆಯ ನಮ್ಮ ಹಳ್ಳಿಯಿಂದ ಅವ್ವ ಮುಂಬಯಿಗೆ ಬಂದಿದ್ದಳು. ಒಂದು ಸಂಜೆ ಕನ್ನಡಕ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು ನೆಲದ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದಳು. ಆರನೆಯ ಇಯತ್ತೆಯಲ್ಲಿರುವ ನನ್ನ ಮಗ ಬ್ಯಾಟು ಹಿಡಿದು ಕೆಳಗೆ ಆಟಕ್ಕೆ ಓಡುವಾಗ ಕನ್ನಡಕದ ಮೇಲೆ ಕಾಲಿಟ್ಟ. ಕಟಕ್ಕೆಂದು ಸದ್ದಾಯಿತು. “ಸಾರಿ ಅಜ್ಜಿ” ಎಂದವನು, ಆ ಮಾತು ಮುಗಿಯುವುದರೊಳಗೆ ಮೆಟ್ಟಿಲು ಇಳಿದಿದ್ದ.

ಅವ್ವ ಒಡೆದ ಗಾಜನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದಳು: “ಏನಂದಾಂವ?”

“ಸಾರಿ ಅಂದ, ಅವ್ವಾ.”

“ಇದು ಎಷ್ಟನೇ ಸಾರಿ?”

ನಾನೂ ನನ್ನ ಹೆಂಡತಿಯೂ ನಕ್ಕೆವು. ಅವ್ವ ನಗಲಿಲ್ಲ. “ನಗಬ್ಯಾಡ್ರಿ. ದಿನಾ ಕೇಳತೀನಿ, ಅದರ ಅರ್ಥ ಏನಂತ ಹೇಳು” ಎಂದಳು.

“ತಪ್ಪಾತು, ಕ್ಷಮಾ ಮಾಡು ಅಂತ.”

“ಹಂಗಂದ್ರ ನಿಂತು ಅನಬೇಕಿತ್ತಲ್ಲ? ಓಡಿಕೋತ ಅಂದ್ರ ನಾ ಯಾರನ್ನ ಕ್ಷಮಾ ಮಾಡ್ಲಿ?”

ಆ ರಾತ್ರಿ ನಾನು ನಿಘಂಟು ತೆಗೆದೆ. ನಾನು ಭಾಷಾಶಾಸ್ತ್ರಜ್ಞನಲ್ಲ. ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿ, ಪರೀಕ್ಷೆ ಬರೆದು ಈ ಊರಿಗೆ ಬಂದ ಕೇಂದ್ರ ಸರಕಾರದ ಗುಮಾಸ್ತ. ಆದರೆ ಅವ್ವ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಸರಿಯಲ್ಲವೆಂದು ಅನ್ನಿಸಿತ್ತು. ಅಲ್ಲದೆ ಆ ಮಾತನ್ನು ನಾನೇ ಒಬ್ಬರ ಮುಂದೆ ಆಡಿ ಸೋತ ಒಂದು ಪ್ರಸಂಗ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಶಬ್ದದ ವಿಚಾರ.

‘ಸಾರಿ’ಗೂ ದುಃಖವೆಂಬ ಅರ್ಥದ ಇಂಗ್ಲಿಷಿನ ‘ಸಾರೋ’ಗೂ ಒಂದೇ ಮೂಲವಿರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಹಾಗಿಲ್ಲ. ಇವೆರಡೂ ಬೇರೆ ಬೇರೆ ಮನೆತನದ ಶಬ್ದಗಳು. ಅಕ್ಕಪಕ್ಕದ ಮನೆಯಲ್ಲಿದ್ದು ಮುಖಚರ್ಯೆ ಒಂದೇ ಆದಂತೆ ಕಾಲಾಂತರದಲ್ಲಿ ಹೋಲತೊಡಗಿದವು. ‘ಸಾರಿ’ಯ ನಿಜವಾದ ಒಡಹುಟ್ಟು ‘ಸೋರ್’, ಅಂದರೆ ಹುಣ್ಣು, ನೋವು. ಗಂಟಲು ನೋವಿಗೆ ಡಾಕ್ಟರು ‘ಸೋರ್ ಥ್ರೋಟ್’ ಎನ್ನುತ್ತಾರಲ್ಲ, ಅದೇ ಸೋರ್. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ನೋವಿಗೆ ‘ಸಾರ್’ ಎಂದೂ, ನೋವು ತುಂಬಿದವನಿಗೆ ‘ಸಾರಿಗ್’ ಎಂದೂ ಬರೆಯುತ್ತಿದ್ದರು. ಕೊನೆಯ ಗಕಾರವನ್ನು ಯಕಾರದಂತೆ ತೇಲಿಸಿ ಉಚ್ಚರಿಸುತ್ತಿದ್ದುದರಿಂದ ಕಿವಿಗೆ ಅದು ಹೆಚ್ಚುಕಡಿಮೆ ‘ಸಾರಿ’ ಎಂದೇ ಕೇಳುತ್ತಿತ್ತು. ಎಂದರೆ, ನಮ್ಮ ಇಂಗ್ಲಿಷ್ ಉಚ್ಚಾರಣೆಯನ್ನು ತಿದ್ದುವ ಕಾನ್ವೆಂಟಿನ ಮಕ್ಕಳಿಗಿಂತ ನಾವು ಆಡುವ ‘ಸಾರಿ’ಯೇ ಮೂಲಕ್ಕೆ ಹತ್ತಿರ!

ಇದೇ ಕುಟುಂಬದ ಬೇರೊಂದು ಕೊಂಬೆ ಜರ್ಮನ್ ಭಾಷೆಯಲ್ಲಿದೆ. ಅಲ್ಲಿ ‘ಬಹಳ’ ಎನ್ನುವುದಕ್ಕೆ ‘ಸೇರ್’ ಎನ್ನುತ್ತಾರೆ. ಅದರ ಮೊದಲ ಅರ್ಥ ‘ನೋವಾಗುವಷ್ಟು’. ಫಿನ್ಲೆಂಡಿನವರು ಬಹು ಹಿಂದೆ ಇದೇ ಮೂಲದಿಂದ ಎರವಲು ಪಡೆದ ‘ಸೈರಾಸ್’ ಎಂಬ ಮಾತಿಗೆ ‘ರೋಗಿ’ ಎಂದು ಅರ್ಥ. ಎಲ್ಲಿ ನೋಡಿದರೂ ನೋವು, ಗಾಯ, ರೋಗ. ‘ಕ್ಷಮಿಸು’ ಎಂಬ ಬೇಡಿಕೆ ಆ ಶಬ್ದದ ಮೂಲದಲ್ಲಿ ಎಲ್ಲಿಯೂ ಇಲ್ಲ. ‘ಸಾರಿ’ ಎಂದರೆ ‘ನನಗೆ ನೋಯುತ್ತಿದೆ’, ಅಷ್ಟೇ.

ಇದು ತಿಳಿದ ಮೇಲೆ ನನ್ನ ಹಳೆಯ ಗೊಂದಲವೊಂದು ಬಗೆಹರಿಯಿತು. ನೌಕರಿಗೆ ಸೇರಿದ ಹೊಸದರಲ್ಲಿ ನನ್ನ ತಂದೆ ತೀರಿಕೊಂಡರು. ಊರಿನಿಂದ ಮರಳಿ ಬಂದಾಗ ದಕ್ಷಿಣದ ಕ್ರೈಸ್ತ ಸಹೋದ್ಯೋಗಿಯೊಬ್ಬರು ಕೈಹಿಡಿದು ‘ಐ ಆ್ಯಮ್ ಸಾರಿ’ ಎಂದರು. ‘ಇವರೇನು ತಪ್ಪು ಮಾಡಿದರು?’ ಎಂದು ನನಗೆ ಆಗ ಅನ್ನಿಸಿತ್ತು. ಅವರು ತಪ್ಪೊಪ್ಪಿಕೊಳ್ಳುತ್ತಿರಲಿಲ್ಲ. ‘ನಿನ್ನ ನೋವು ನನಗೂ ನೋವು’ ಎನ್ನುತ್ತಿದ್ದರು. ಶಬ್ದವನ್ನು ಅದರ ಹುಟ್ಟಿದ ಅರ್ಥದಲ್ಲಿಯೇ ಬಳಸುತ್ತಿದ್ದರು. ಆಸ್ಟ್ರೇಲಿಯಾದ ಮೂಲನಿವಾಸಿಗಳು ಆಡುವ ಇಂಗ್ಲಿಷಿನಲ್ಲಿ ‘ಸಾರಿ ಬಿಸಿನೆಸ್’ ಎಂದರೆ ಸಾವಿನ ಮನೆಯ ಶೋಕ ಮತ್ತು ಅದರ ವಿಧಿಗಳು. ಶಬ್ದ ಹುಟ್ಟಿದ ನಾಡಿನಲ್ಲಿ ಸವೆದುಹೋದ ಅರ್ಥ ಸಾವಿರಾರು ಮೈಲಿ ದೂರದಲ್ಲಿ, ಅತಿ ಹೆಚ್ಚು ನೋವುಂಡ ಜನರ ಬಾಯಲ್ಲಿ ಉಳಿದುಕೊಂಡಿದೆ.

‘ಸಾರಿ’ಯ ನೆರೆಹೊರೆಯ ಶಬ್ದಗಳನ್ನೂ ಸ್ವಲ್ಪ ನೋಡೋಣ. ‘ಅಪಾಲಜಿ’ ಗ್ರೀಕರದು. ಅದರ ಮೂಲಾರ್ಥ ಕ್ಷಮೆಯ ಕೋರಿಕೆಯಲ್ಲ. ಆಪಾದನೆಗೆ ಉತ್ತರವಾಗಿ ತನ್ನನ್ನು ಸಮರ್ಥಿಸಿಕೊಳ್ಳುವ ವಾದ. ಕ್ರಿ.ಪೂ. 399ರಲ್ಲಿ ಅಥೆನ್ಸಿನ ನ್ಯಾಯಸಭೆಯ ಮುಂದೆ ಸಾಕ್ರೆಟೀಸ್ ಮಾಡಿದ ವಾದವನ್ನು ಪ್ಲೇಟೋ ‘ಅಪಾಲಜಿ’ ಎಂಬ ಹೆಸರಿನಲ್ಲಿ ನಿರೂಪಿಸಿದ್ದಾನೆ. ಅಲ್ಲಿ ಸಾಕ್ರೆಟೀಸ್ ಕ್ಷಮೆ ಕೇಳುವುದಿಲ್ಲ. ನನಗೆ ತಕ್ಕ ಶಿಕ್ಷೆಯೆಂದರೆ ನಗರದ ಖರ್ಚಿನಲ್ಲಿ ಊಟ ಹಾಕುವುದು ಎಂದು ನ್ಯಾಯಾಧೀಶರಿಗೇ ಹೇಳುತ್ತಾನೆ! ಇಂಗ್ಲಿಷಿನಲ್ಲಿಯೂ 1533ರಲ್ಲಿ ಥಾಮಸ್ ಮೋರ್ ಬರೆದ ‘ಅಪಾಲಜಿ’ ಆತ್ಮಸಮರ್ಥನೆಯೇ. 1595ರಲ್ಲಿ ಅಚ್ಚಾದ ಫಿಲಿಪ್ ಸಿಡ್ನಿಯ ಕಾವ್ಯದ ‘ಅಪಾಲಜಿ’ಯೂ ಕಾವ್ಯದ ಪರವಾದ ವಾದವೇ. ‘ಎಕ್ಸ್‌ಕ್ಯೂಸ್’ ಎಂದರೆ ಲ್ಯಾಟಿನ್ನಿನಲ್ಲಿ ಆಪಾದನೆಯಿಂದ ಹೊರಗೆ ಬರುವುದು. ‘ಪಾರ್ಡನ್’ ಎಂದರೆ ಪೂರ್ತಿಯಾಗಿ ಕೊಟ್ಟುಬಿಡುವುದು. ‘ಫರ್ಗಿವ್’ನಲ್ಲಿ ಕೂಡ ‘ಗಿವ್’ ಕುಳಿತಿದೆ. ನಮ್ಮ ಸರಕಾರಿ ಪತ್ರಗಳ ಪ್ರೀತಿಯ ಶಬ್ದ ‘ರಿಗ್ರೆಟ್’ ಹಳೆಯ ಫ್ರೆಂಚಿನಲ್ಲಿ ಸತ್ತವರನ್ನು ನೆನೆದು ಗೋಳಾಡುವುದಕ್ಕೆ ಬಳಕೆಯಲ್ಲಿತ್ತು. ಈಗ ಅದನ್ನು ಟೈಪು ಮಾಡುವಾಗ ನಮ್ಮ ಕಣ್ಣಲ್ಲಿ ನಿದ್ದೆಯ ಹೊರತು ಬೇರೆ ನೀರು ಬರುವುದಿಲ್ಲ.

ಕನ್ನಡದ ಮಾತುಗಳು ಬೇರೆ ದಾರಿಯಲ್ಲಿ ಬಂದಿವೆ. ‘ಕ್ಷಮೆ’ಯ ಸಂಸ್ಕೃತ ಧಾತುವಿಗೆ ತಾಳಿಕೊಳ್ಳು, ಸಹಿಸು ಎಂಬ ಅರ್ಥ. ‘ಕ್ಷಮತೆ’ ಎಂಬ ಸಾಮರ್ಥ್ಯವಾಚಕ ಶಬ್ದವೂ ಅಲ್ಲಿಂದಲೇ. ಎಲ್ಲವನ್ನೂ ಹೊರುವ ಭೂಮಿಗೆ ‘ಕ್ಷಮಾ’ ಎಂಬ ಹೆಸರಿದೆ. ‘ಮನ್ನಿಸು’ ಎಂದರೆ ಗೌರವಿಸು ಎಂದೂ ಅರ್ಥ, ‘ಮನ್ನಣೆ’ಯ ಬಳಗದ್ದು. ‘ಸಾರಿ’ ಹೇಳುವವನ ನೋವನ್ನು ಕುರಿತ ಮಾತು. ‘ಕ್ಷಮಿಸಿ’ ಕೇಳುವವನ ತಾಳ್ಮೆಯನ್ನು ಕುರಿತ ಮಾತು. ಒಂದು ‘ನನಗೆ ನೋಯುತ್ತಿದೆ’ ಎನ್ನುತ್ತದೆ, ಇನ್ನೊಂದು ‘ನೀವು ತಾಳಿಕೊಳ್ಳಿ’ ಎನ್ನುತ್ತದೆ. ಹಿಂದಿಯ ‘ಖೇದ’ ನೋವಿನ ಕಡೆಯದು. ಲೋಕಲ್ ನಿಲ್ದಾಣಗಳಲ್ಲಿ ನಾವು ಕೇಳುವ ಮರಾಠಿಯ ‘ದಿಲಗೀರ್’ ಮೂಲತಃ ಪಾರಸಿ: ಹೃದಯ ಹಿಂಡಿದಂತಾದವನು ಎಂದು.

ಇಷ್ಟು ಹೇಳಿ ‘ನೋಡಿರಿ, ನಮ್ಮ ಕನ್ನಡವೇ ಮೇಲು’ ಎಂದು ಮುಗಿಸಿದ್ದರೆ ಸಂಘದ ಸಭೆಯಲ್ಲಿ ಚಪ್ಪಾಳೆ ಬೀಳುತ್ತಿತ್ತು. ಆದರೆ ನಮ್ಮ ‘ತಪ್ಪಾಯಿತು’ ಎಂಬ ಮಾತನ್ನು ಬೆಳಕಿಗೆ ಹಿಡಿದು ನೋಡಿ. ತಪ್ಪು ‘ಆಯಿತು’. ಮಳೆ ಆಯಿತು, ಊಟ ಆಯಿತು ಎಂಬ ಹಾಗೆ. ಯಾರು ಮಾಡಿದರು? ಕರ್ತೃಪದವೇ ಇಲ್ಲ. ‘ತಪ್ಪು’ ಎಂಬ ಕ್ರಿಯಾಪದದಲ್ಲಿಯೂ ಜಾರುವಿಕೆಯೇ ಇದೆ: ದಾರಿ ತಪ್ಪಿತು, ಬಸ್ಸು ತಪ್ಪಿತು, ಲೆಕ್ಕ ತಪ್ಪಿತು. ವಿನಯದಿಂದ ಹುಟ್ಟಿದ ಈ ಮಾತಿನ ಹಿಂದೆ ಮನುಷ್ಯ ಬಚ್ಚಿಟ್ಟುಕೊಳ್ಳಲು ಬೇಕಾದಷ್ಟು ಜಾಗವಿದೆ. ಇದು ನನಗೆ ನಿಘಂಟಿನಿಂದ ತಿಳಿದದ್ದಲ್ಲ. ಒಬ್ಬ ಹೆಣ್ಣುಮಗಳು ತಿಳಿಸಿದ್ದು.

ಮೂರು ವರ್ಷಗಳ ಹಿಂದಿನ ಮಾತು. ನಮ್ಮ ಕಚೇರಿಯಿಂದ ನಿವೃತ್ತನಾದ ಒಬ್ಬ ಜವಾನ ತೀರಿಕೊಂಡಿದ್ದ. ಅವನ ಹೆಂಡತಿಗೆ ಕುಟುಂಬ ಪಿಂಚಣಿ ಆರಂಭವಾಗಬೇಕು. ಮಹಾರಾಷ್ಟ್ರದಲ್ಲಿ ಮದುವೆಯ ದಿನ ಹೆಣ್ಣಿಗೆ ಹೊಸ ಹೆಸರಿಡುವ ಪದ್ಧತಿ ನಿಮಗೆಲ್ಲ ಗೊತ್ತು. ಗಂಡನ ಸೇವಾ ಪುಸ್ತಕದಲ್ಲಿ ಇದ್ದದ್ದು ಅತ್ತೆಮನೆಯ ಹೆಸರು, ಬ್ಯಾಂಕಿನಲ್ಲಿ ತವರಿನ ಹೆಸರು. ಇಬ್ಬರೂ ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಿ ಆಕೆ ಅರ್ಜಿ ಕೊಟ್ಟಿದ್ದಳು. ಅರ್ಜಿ ನನ್ನ ಮೇಜಿಗೆ ಬಂತು. ಅದೇ ಅಡ್ಡಹೆಸರಿನ ಬೇರೊಬ್ಬನ ಕಡತಕ್ಕೆ ಅದನ್ನು ನಾನೇ ಟ್ಯಾಗು ಹಾಕಿ ಕಟ್ಟಿದೆ. ಆ ಕಡತ ಮುಗಿದು ಕಪಾಟು ಸೇರಿತು.

ಆಕೆ ತಿಂಗಳಿಗೊಮ್ಮೆ ಬದಲಾಪುರದ ಆಚೆಯಿಂದ ಲೋಕಲ್ ಹಿಡಿದು ಬರುತ್ತಿದ್ದಳು. ‘ಪ್ರಕ್ರಿಯೆಯಲ್ಲಿದೆ’ ಎಂದು ಹೇಳಿ ಕಳಿಸುತ್ತಿದ್ದೆ. ಕಡತ ತೆಗೆದು ನೋಡಿರಲಿಲ್ಲ. ಐದನೆಯ ಸಲ ಬಂದಾಗ, ಯಾಕೋ ಎದ್ದು ಹುಡುಕಿದೆ. ಸಿಕ್ಕಿತು. ಐದು ತಿಂಗಳು ಒಬ್ಬ ವಿಧವೆಗೆ ಕಾಸು ಸಿಕ್ಕಿರಲಿಲ್ಲ. ಹೊರಗೆ ಬಂದು, “ಸಾರಿ ಮಾವಶಿ, ಉಶೀರ್ ಝಾಲಾ” ಎಂದೆ. ತಡವಾಯಿತು ಎಂದು.

ಆಕೆ ಸಿಟ್ಟಾಗಲಿಲ್ಲ. ಬೆಂಚಿನ ಮೇಲೆ ಕುಳಿತೇ ಕೇಳಿದಳು: “ಉಶೀರ್ ಝಾಲಾ, ಖರಂ. ಪಣ್ ಕುಣಾಮುಳೆ ಝಾಲಾ?” ತಡವಾಯಿತು, ನಿಜ. ಆದರೆ ಯಾರಿಂದ ಆಯಿತು?

ಓದುಗರೇ, ಆ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. “ಆಫೀಸಿನಲ್ಲಿ ಕಾಗದ ಆಚೀಚೆ ಆಗಿತ್ತು” ಎಂದೆ. ಮತ್ತೆ ‘ಆಗಿತ್ತು’!

ಒಳಗೆ ಬಂದು ಟಿಪ್ಪಣಿ ಬರೆಯಲು ಕುಳಿತೆ. ಇಂಥ ಸಂದರ್ಭಕ್ಕೆ ನಮ್ಮ ಕಚೇರಿಗಳಲ್ಲಿ ಸಿದ್ಧ ವಾಕ್ಯವಿದೆ: ‘ಅರ್ಜಿಯು ಅನವಧಾನದಿಂದ ಬೇರೆ ಕಡತಕ್ಕೆ ಸೇರಿದ್ದು, ವಿಳಂಬಕ್ಕೆ ವಿಷಾದಿಸಲಾಗಿದೆ.’ ಕಾಗದ ತಾನೇ ಕಾಲು ಹಚ್ಚಿಕೊಂಡು ನಡೆದುಹೋಗಿ ಬೇರೆ ಕಡತ ಸೇರಿತು. ವಿಷಾದವೂ ಯಾರಿಂದಲೋ ‘ಸಲಾಗಿದೆ’. ಮೇಲಿನವರೊಬ್ಬರು ಒಳ್ಳೆಯ ಮನಸ್ಸಿನಿಂದಲೇ, “ಹಾಗೆಯೇ ಬರೆಯಿರಿ, ಸುಮ್ಮನೆ ಮೈಮೇಲೆ ಎಳೆದುಕೊಳ್ಳಬೇಡಿ” ಎಂದರು. ನನಗೆ ಮನೆಯ ಸಾಲವಿದೆ, ಬಡ್ತಿಯ ಸರದಿ ಹತ್ತಿರವಿತ್ತು. ಎರಡು ದಿನ ಆ ಹಾಳೆ ಡ್ರಾಯರಿನಲ್ಲಿಯೇ ಇತ್ತು. ಇದನ್ನು ಮುಚ್ಚಿಡದೆ ಹೇಳುತ್ತೇನೆ, ಏಕೆಂದರೆ ಆ ಎರಡು ದಿನಗಳು ಆಕೆಯ ಐದು ತಿಂಗಳುಗಳ ಮೇಲೆ ನಾನು ಮತ್ತೆ ಸೇರಿಸಿದ ದಿನಗಳು. ಮೂರನೆಯ ದಿನ ‘ಅರ್ಜಿಯನ್ನು ನಾನು ತಪ್ಪು ಕಡತಕ್ಕೆ ಸೇರಿಸಿದೆ; ನಾಲ್ಕು ಸಲ ವಿಚಾರಣೆಯಾದರೂ ಪರಿಶೀಲಿಸಲಿಲ್ಲ’ ಎಂದು ಬರೆದು ಸಹಿ ಮಾಡಿದೆ. ವಿವರಣೆ ಕೇಳಿ ಮೆಮೊ ಬಂತು, ಎಚ್ಚರಿಕೆ ಕೊಟ್ಟರು. ಆಕಾಶ ಕಳಚಿ ಬೀಳಲಿಲ್ಲ. ಆಕೆಗೆ ಬಾಕಿ ಹಣ ಸಹಿತ ಪಿಂಚಣಿ ಹೋಯಿತು.

ಇಲ್ಲಿ ಒಂದು ನಿಜವಾದ ಪ್ರಶ್ನೆ ಇದೆ. ನೋವು ಪಡುವುದು ಬೇರೆ, ಹೊಣೆ ಹೊರುವುದು ಬೇರೆ. ಇವೆರಡನ್ನೂ ಒಂದೇ ಶಬ್ದದಲ್ಲಿ ತುಂಬಿದ್ದರಿಂದ ಮೊದಲನೆಯದನ್ನು ಹೇಳಿ ಎರಡನೆಯದರಿಂದ ಪಾರಾಗುವ ಅನುಕೂಲ ಹುಟ್ಟಿಕೊಂಡಿದೆಯೇ? ಕೆನಡಾದ ಒಂಟಾರಿಯೋ ಪ್ರಾಂತ 2009ರಲ್ಲಿ ಒಂದು ಕಾಯಿದೆ ಮಾಡಿತು. ಅದರ ಪ್ರಕಾರ ಒಬ್ಬನು ‘ಸಾರಿ’ ಎಂದರೆ ಅದನ್ನು ನಷ್ಟಪರಿಹಾರದ ದಾವೆಗಳಲ್ಲಿ ತಪ್ಪೊಪ್ಪಿಗೆಯೆಂದು ಎಣಿಸುವಂತಿಲ್ಲ. ಉದ್ದೇಶ ಒಳ್ಳೆಯದೇ. ಡಾಕ್ಟರೊಬ್ಬನು ರೋಗಿಯ ಮನೆಯವರ ಮುಂದೆ ವಕೀಲರ ಭಯವಿಲ್ಲದೆ ಮರುಗಲು ಸಾಧ್ಯವಾಗಬೇಕಲ್ಲ. ಆದರೆ ‘ಸಾರಿ’ ಎಂದರೆ ತಪ್ಪೊಪ್ಪಿಗೆಯಲ್ಲವೆಂದು ಕಾಯಿದೆಯೇ ಹೇಳಬೇಕಾಗಿ ಬಂತೆಂದರೆ ಶಬ್ದ ಎಷ್ಟು ಇಕ್ಕಟ್ಟಿನಲ್ಲಿದೆ ನೋಡಿ.

ರಾಷ್ಟ್ರಗಳ ಮಟ್ಟದಲ್ಲಿ ಈ ಇಕ್ಕಟ್ಟು ಇನ್ನೂ ಸ್ಪಷ್ಟ. ಆಸ್ಟ್ರೇಲಿಯಾದಲ್ಲಿ ಹಲವು ದಶಕಗಳ ಕಾಲ ಮೂಲನಿವಾಸಿಗಳ ಮಕ್ಕಳನ್ನು ಸರಕಾರವೇ ತಾಯಿತಂದೆಗಳಿಂದ ಬೇರ್ಪಡಿಸಿತ್ತು. ಅದರ ವಿಚಾರಣಾ ವರದಿ 1997ರಲ್ಲಿ ಹೊರಬಂತು. ಮರುವರ್ಷ ಮೇ 26ರಂದು ಜನರೇ ‘ಸಾರಿ ದಿನ’ ಆಚರಿಸಿದರು. ಆದರೆ ಪ್ರಧಾನಿ ಜಾನ್ ಹೊವರ್ಡ್ 1999ರಲ್ಲಿ ಸಂಸತ್ತಿನಲ್ಲಿ ಮಂಡಿಸಿದ ನಿರ್ಣಯದಲ್ಲಿ ‘ರಿಗ್ರೆಟ್’ ಇತ್ತು, ‘ಸಾರಿ’ ಇರಲಿಲ್ಲ. ಆ ಒಂದು ಶಬ್ದಕ್ಕಾಗಿ ಜನ ಮತ್ತೆ ಒಂಬತ್ತು ವರ್ಷ ಕಾದರು. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ನಿಂತು ‘ಸಾರಿ’ ಎಂದಾಗ ಸಭಾಂಗಣದ ಗ್ಯಾಲರಿಯಲ್ಲಿ ಮುದುಕರು ಅತ್ತರು. ನಮ್ಮ ಜಲಿಯನ್‌ವಾಲಾ ಬಾಗಿನ ವಿಷಯದಲ್ಲಿ, 1919ರ ಆ ಕೊಲೆಗೆ ನೂರು ವರ್ಷ ತುಂಬಿದ 2019ರ ಏಪ್ರಿಲಿನಲ್ಲಿ, ಬ್ರಿಟಿಷ್ ಪ್ರಧಾನಿ ಥೆರೆಸಾ ಮೇ ಸಂಸತ್ತಿನಲ್ಲಿ ವಿಷಾದ ವ್ಯಕ್ತಪಡಿಸಿದರು, ಕ್ಷಮೆ ಕೇಳಲಿಲ್ಲ. ‘ಒಂದು ಮಾತಿನಲ್ಲಿ ಏನಿದೆ?’ ಎನ್ನುವವರು ಇದನ್ನು ಯೋಚಿಸಬೇಕು. ಏನೂ ಇಲ್ಲದಿದ್ದರೆ ಅದನ್ನು ಆಡಲು ಇಷ್ಟು ಹಿಂಜರಿಕೆ ಏಕೆ?

ಹಾಗಾದರೆ ಆ ಮಾತು ಪೂರ್ಣವಾಗುವುದು ಯಾವಾಗ? ನನಗೆ ತಿಳಿದ ಅತ್ಯುತ್ತಮ ಉದಾಹರಣೆ ಒಬ್ಬ ಹದಿನೈದು ವರ್ಷದ ಹುಡುಗನದು. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಅದನ್ನು ಬರೆದಿದ್ದಾರೆ. ಅಣ್ಣನ ಸಾಲ ತೀರಿಸಲು ಅವನ ಚಿನ್ನದ ಕಡಗದಿಂದ ಒಂದು ತುಣುಕನ್ನು ಕದ್ದಿದ್ದರು. ಸಾಲ ತೀರಿತು, ಮನಸ್ಸು ತಾಳಲಿಲ್ಲ. ಬಾಯಿಬಿಟ್ಟು ಹೇಳಲು ಧೈರ್ಯ ಸಾಲದೆ ಚೀಟಿಯೊಂದರಲ್ಲಿ ಎಲ್ಲವನ್ನೂ ಬರೆದು, ಕಾಯಿಲೆಯಿಂದ ಮಲಗಿದ್ದ ತಂದೆಯ ಕೈಗೆ ಕೊಟ್ಟರು. ಆ ಚೀಟಿಯಲ್ಲಿ ತಪ್ಪು ಮಾಡಿದವನು ನಾನು ಎಂದಿತ್ತು. ತಕ್ಕ ಶಿಕ್ಷೆ ಕೊಡಿ ಎಂದಿತ್ತು. ಮುಂದೆ ಕದಿಯುವುದಿಲ್ಲ ಎಂದಿತ್ತು. ನನ್ನ ತಪ್ಪಿಗಾಗಿ ನೀವು ನಿಮ್ಮನ್ನೇ ದಂಡಿಸಿಕೊಳ್ಳಬೇಡಿ ಎಂಬ ಪ್ರಾರ್ಥನೆಯೂ ಇತ್ತು. ತಂದೆ ಓದಿ, ಕಣ್ಣೀರು ಹಾಕಿ, ಚೀಟಿಯನ್ನು ಹರಿದುಹಾಕಿದರು. ಮಗನೂ ಅತ್ತರು. ಇಬ್ಬರಲ್ಲಿ ಯಾರಿಗೂ ಅಲ್ಲಿ ಮಾತು ಬೇಕಾಗಲಿಲ್ಲ.

ಆ ಹುಡುಗನ ಚೀಟಿಯಲ್ಲಿ ನೋವಿತ್ತು, ಕರ್ತೃಪದವಿತ್ತು, ಮುಂದಿನ ಬಾಳಿಗೆ ಒಂದು ಕರಾರು ಇತ್ತು. ನಮ್ಮ ‘ಸಾರಿ’ಯಲ್ಲಿ ಸಾಮಾನ್ಯವಾಗಿ ಈ ಮೂರರಲ್ಲಿ ಒಂದೂ ಇರುವುದಿಲ್ಲ. ‘ಲೆಕ್ಕ ಚುಕ್ತಾ ಆಯಿತು, ಇನ್ನು ಮಾತಾಡಬೇಡಿ’ ಎಂಬ ರಸೀದಿಯ ಹಾಗೆ ಅದನ್ನು ಹರಿದು ಎದುರಿನವನ ಕೈಗೆ ತುರುಕುತ್ತೇವೆ. ‘ಸಾರಿ ಅಂದೆನಲ್ಲ, ಇನ್ನೇನು ಬೇಕು?’ ಎಂಬ ಮಾತನ್ನು ಕೇಳದ ಮನೆ ಈ ಊರಿನಲ್ಲಿ ಇರಲಾರದು.

ಇಷ್ಟಾಗಿ, ದಿನಕ್ಕೆ ಇಪ್ಪತ್ತು ಸಲ ಆಡುವ ಸಣ್ಣ ‘ಸಾರಿ’ಗಳ ಮೇಲೆ ನನಗೆ ಸಿಟ್ಟಿಲ್ಲ. ವಿರಾರ್ ಲೋಕಲ್ಲಿನಲ್ಲಿ ಮೊಣಕೈ ತಾಗಿದವನಿಗೆ ‘ಸಾರಿ’ ಎನ್ನದಿದ್ದರೆ ಜಗಳವೇ ಆದೀತು. ನಮ್ಮ ಹಿರಿಯರಿಗೆ ಅದಕ್ಕೆ ಮಾತೇ ಬೇಕಿರಲಿಲ್ಲ. ಕಾಲು ಯಾರಿಗಾದರೂ ತಾಗಿದರೆ, ಪುಸ್ತಕಕ್ಕೆ ತಾಗಿದರೂ ಸಹ, ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅದಕ್ಕೆ ಒಂದು ಕ್ಷಣ ಬಾಗಬೇಕಿತ್ತು, ನಿಲ್ಲಬೇಕಿತ್ತು. ನಮ್ಮ ಕಟ್ಟಡದ ಗುಜರಾತಿ ಜೈನ ನೆರೆಯವರು ಪರ್ಯುಷಣ ಮುಗಿದ ದಿನ ಮನೆಮನೆಗೆ ಬಂದು, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಮನ್ನಿಸಿ ಎಂದು ಕೈಮುಗಿದು ‘ಮಿಚ್ಛಾಮಿ ದುಕ್ಕಡಂ’ ಎನ್ನುತ್ತಾರೆ. ನಾನು ಮಾಡಿದ ಕೆಟ್ಟದ್ದು ಹುಸಿಯಾಗಲಿ ಎಂಬುದು ಆ ಪ್ರಾಕೃತದ ಅರ್ಥ. ಈಚೆಗೆ ಅದೂ ಮೊಬೈಲಿನಲ್ಲಿ ಒಂದೇ ಬಾರಿಗೆ ಎಲ್ಲರಿಗೂ ರವಾನೆಯಾಗುತ್ತಿದೆ. ಆದರೂ ಮೂರನೆಯ ಮಹಡಿಯ ಹಿರಿಯರು ಮಂಡಿನೋವಿನಲ್ಲಿಯೂ ಮೆಟ್ಟಿಲು ಹತ್ತಿ ಬರುತ್ತಾರೆ. ಆ ಮೆಟ್ಟಿಲುಗಳಲ್ಲಿ ಅರ್ಥವಿದೆ.

ಪ್ರಯೋಗಶಾಲೆಯಲ್ಲಿ ನಾವು ಕಲಿತ ಒಂದು ಸಣ್ಣ ಸಂಗತಿ ನೆನಪಾಗುತ್ತದೆ. ಉಪ್ಪಿನ ದ್ರಾವಣಕ್ಕೆ ಎಷ್ಟು ನೀರು ಬೆರೆಸಿದರೂ ಉಪ್ಪು ಹೋಗುವುದಿಲ್ಲ. ರುಚಿ ತಿಳಿಯದಷ್ಟು ಹರಡಿಕೊಳ್ಳುತ್ತದೆ. ಕಾಯಿಸಿದರೆ ಪಾತ್ರೆಯ ತಳದಲ್ಲಿ ಮತ್ತೆ ಕಾಣುತ್ತದೆ. ‘ಸಾರಿ’ಯೊಳಗಿನ ನೋವೂ ಹಾಗೆಯೇ ಎಂದು ನನಗೆ ತೋರುತ್ತದೆ. ಸ್ವಲ್ಪ ಕಾಯಬೇಕು, ಅಷ್ಟೇ.

ಮಾವಶಿಯ ವಿಷಯ ಮುಗಿಸಬೇಕು. ಹಣ ಜಮೆಯಾದ ಮೇಲೆ ಒಂದು ಕಾಗದಕ್ಕೆ ಸಹಿ ಹಾಕಲು ಆಕೆ ಕಡೆಯ ಸಲ ಬಂದಳು. ಈ ಸಲ ನಾನೇ ಎದ್ದುಹೋಗಿ, “ಮಾವಶಿ, ಅವತ್ತು ಕೇಳಿದಿರಲ್ಲ, ಅದು ನನ್ನಿಂದ ಆದದ್ದು. ನಾನು ಮಾಡಿದ ತಪ್ಪು” ಎಂದೆ. ಆಕೆ ನನ್ನನ್ನು ನೋಡಿದಳು. “ಬರಂ” ಎಂದಳು, ಸರಿ ಎಂಬಂತೆ. ಸಹಿ ಮಾಡಿ ಚೀಲ ತೆಗೆದುಕೊಂಡು ಹೋದಳು. ಕ್ಷಮಿಸಿದೆ ಎನ್ನಲಿಲ್ಲ. ಮೊದಮೊದಲು ಅದು ನನ್ನನ್ನು ಕೊರೆಯಿತು. ಈಗ ಹಾಗಿಲ್ಲ. ಕ್ಷಮೆ ಎಂದರೆ ತಾಳಿಕೊಳ್ಳುವ ಶಕ್ತಿ. ಅದು ಆಕೆಯ ಸ್ವತ್ತು. ಐದು ತಿಂಗಳು ತಾಳಿಕೊಂಡವಳು ಇನ್ನೂ ಕೊಡಬೇಕೆಂದು ಕೇಳಲು ನಾನು ಯಾರು? ಹೇಳುವುದಷ್ಟೇ ನನ್ನ ಪಾಲಿನ ಕೆಲಸವಾಗಿತ್ತು, ಅದನ್ನೂ ತಡಮಾಡಿದ್ದೆ.

ದೀಪಾವಳಿಯ ಆ ರಾತ್ರಿ ಮಗನನ್ನು ಕರೆದು ನಾನು ಉಪದೇಶ ಮಾಡಲಿಲ್ಲ. ಮಾವಶಿಯ ಕಥೆಯನ್ನು ಹೇಳಿದೆ. ಅಪ್ಪನಿಗೂ ಮೆಮೊ ಬರುತ್ತದೆ ಎಂಬುದು ಅವನಿಗೆ ಬಹಳ ಆಶ್ಚರ್ಯದ ಸಂಗತಿಯಾಗಿತ್ತು. ಮರುದಿನ ಸಂಜೆ ಆಟಕ್ಕೆ ಹೋಗದೆ ಅಜ್ಜಿಯ ಕೈಹಿಡಿದು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದ. ದಾರಿಯಲ್ಲಿ ಏನು ಮಾತಾಡಿಕೊಂಡರೋ ಗೊತ್ತಿಲ್ಲ. ಮರಳಿ ಬಂದ ಮೇಲೆ ಅವ್ವ ಹೊಸ ಗಾಜಿನೊಳಗಿಂದ ನನ್ನನ್ನು ನೋಡಿ, “ಈಗ ಛಲೋ ಕಾಣಸ್ತದ” ಎಂದಳು.